ಬಿಳಿ ಬೂಷ್ಟು – ಒಂಬತ್ತನೆಯ ಕಂತು: ಎರಡನೆಯ ಊಟದ ಡಬ್ಬಿ

ಲ್ಯಾಬಿನಲ್ಲಿ ಬೂಷ್ಟು ಬೆಳೆಸುವ ತಟ್ಟೆಗಳಲ್ಲಿ ಮೂವತ್ತನೆಯದನ್ನು ಎತ್ತಿಟ್ಟ ಮೇಲೆ ಕಸದ ಚೀಲದ ತಳ ಕಂಡಿತು.

ತನಿಖಾಧಿಕಾರಿ ಇನ್ನೊಮ್ಮೆ ಕೈ ಇಳಿಸಿದಳು. ಕೈಗವಸಿನ ಮೇಲೊಂದು ಕೈಗವಸು, ಮುಖವಾಡದೊಳಗೆ ಅವಳದೇ ಬಿಸಿಯುಸಿರು. ಬೆರಳಿಗೆ ಸಿಕ್ಕಿದ್ದು ಒದ್ದೆ ಹತ್ತಿ, ಒಡೆದ ಮುಚ್ಚಳದ ಚೂರು. ತಟ್ಟೆ ಇರಲಿಲ್ಲ.

"ಎಷ್ಟಾಯ್ತು?" ಬಾಗಿಲ ಬಳಿ ನಿಂತಿದ್ದ ಡಾಕ್ಟರ್ ಕೇಳಿದ.

"ಮೂವತ್ತು."

"ರಿಜಿಸ್ಟರಲ್ಲಿ?"

"ಮೂವತ್ತೊಂದು."

"ಒಂದು ತಟ್ಟೆ ತಾನೇ ಮೇಡಂ? ನಮ್ಮನೇಲಿ ವಾರಕ್ಕೆರಡು ಚಮಚ ಕಾಣೆಯಾಗ್ತವೆ. ನಾವೇನು ಪೊಲೀಸರನ್ನ ಕರೀತೀವಾ?"

"ನಿಮ್ಮನೆ ಚಮಚದಿಂದ ಯಾರೂ ಸತ್ತಿರಲಿಕ್ಕಿಲ್ಲ."

ಡಾಕ್ಟರ್ ನಗಲಿಲ್ಲ. ಎದೆರೋಗದ ವಾರ್ಡು ಅವನದು. ವಯಸ್ಸು ಮೂವತ್ತೆರಡು. ಹೆದರಿಕೆಯಾದಾಗೆಲ್ಲ ತಮಾಷೆ ಮಾಡುವವನು. ಕಳೆದ ಐದು ವಾರಗಳಲ್ಲಿ ಅವನು ತುಂಬ ತಮಾಷೆ ಮಾಡಿದ್ದ.

ಐದು ವಾರಗಳಲ್ಲಿ ಅವನ ವಾರ್ಡಿನಲ್ಲಿ ಇಬ್ಬರು ಸತ್ತಿದ್ದರು. ಇಬ್ಬರ ಶ್ವಾಸಕೋಶದಲ್ಲೂ ಬೂಷ್ಟು ಬೆಳೆದಿತ್ತು, ಇಬ್ಬರಿಗೂ ಒಂದೇ ಮಾತ್ರೆ ಕೊಟ್ಟಿದ್ದರು. ಮಾತ್ರೆ ನಕಲಿ ಎಂಬ ಗುಮಾನಿಯ ಮೇಲೆ ಆಸ್ಪತ್ರೆಯ ಫಾರ್ಮಸಿಸ್ಟ್, ರೋಗಿಗಳೆಲ್ಲ ಪ್ರೀತಿಯಿಂದ 'ಮಾತ್ರೆ ಮಾಮ' ಎನ್ನುತ್ತಿದ್ದವನು, ಹನ್ನೊಂದು ದಿನಗಳಿಂದ ಜೈಲಿನಲ್ಲಿದ್ದ.

ತನಿಖಾಧಿಕಾರಿ ಕೈಗವಸು ಬಿಚ್ಚಿ ಬಕೆಟ್ಟಿಗೆ ಹಾಕಿದಳು. ಔಷಧ ನಿಯಂತ್ರಣ ಇಲಾಖೆಯಲ್ಲಿ ಅವಳಿಗೆ 'ಜರಡಿ' ಎಂದು ಅಡ್ಡಹೆಸರು, ಅದೀಗ ಈ ಆಸ್ಪತ್ರೆಯಲ್ಲೂ ಹಬ್ಬಿತ್ತು. ಕಾಳು ಸಿಕ್ಕ ಮೇಲೂ ಆಡಿಸುವುದನ್ನು ನಿಲ್ಲಿಸುವುದಿಲ್ಲ ಎಂದು ಸಹೋದ್ಯೋಗಿಗಳ ದೂರು.

ಅವಳ ಬಗಲಚೀಲದಲ್ಲಿ ಮೂರು ಕಾಗದಗಳಿದ್ದವು. ಇಂದು ಬೆಳಿಗ್ಗೆ ಬಂದದ್ದು ಇಲಾಖೆಯ ಪ್ರಯೋಗಾಲಯದ ವರದಿ. ಮಾತ್ರೆ ಅಸಲಿ, ಇರಬೇಕಾದಷ್ಟು ಔಷಧ ಇದೆ. ನಿನ್ನೆಯದು ಅದೇ ರೋಗ ಹತ್ತಿದ ಮೂರನೆಯವಳ, ನಾಲ್ಕನೇ ಮಂಚದ ರೋಗಿಯ, ರಕ್ತದ ವರದಿ. ನುಂಗಿದ ಮಾತ್ರೆ ರಕ್ತಕ್ಕೆ ಸೇರಿದೆ. ಹಿಂದಿನ ವಾರದ್ದು ಇದೇ ಆಸ್ಪತ್ರೆಯ ಲ್ಯಾಬಿನದು. ಆ ರೋಗಿಯ ಕಫದಲ್ಲಿ ಬೆಳೆದ ಬೂಷ್ಟು ಈ ಮಾತ್ರೆಗೆ ಸಾಯುತ್ತದೆ.

ಮೂರೂ ನಿಜವಾದರೆ ನಾಲ್ಕನೇ ಮಂಚದವಳು ಇಷ್ಟರಲ್ಲಿ ಎದ್ದು ಓಡಾಡಬೇಕಿತ್ತು. ಅವಳು ನಿನ್ನೆ ಸಂಜೆ ರಕ್ತ ಕೆಮ್ಮಿದ್ದಳು.

ನಾಲ್ಕನೆಯ ಕಾಗದವೂ ಒಂದಿತ್ತು, ಸಹಿಯಿಲ್ಲದ ದೂರು. 'ಆಸ್ಪತ್ರೆಯಲ್ಲಿ ಕೊಡುವ ಬೂಷ್ಟಿನ ಮಾತ್ರೆ ನಕಲಿ. ಫಾರ್ಮಸಿಯವನನ್ನು ಹಿಡಿಯಿರಿ.' ಮಾತ್ರೆ ಮಾಮನನ್ನು ಜೈಲಿಗೆ ಕಳಿಸಿದ್ದು ಅದೇ. ಅದರ ಅಂಚಿಗೆ ಗುಲಾಬಿ ಬಣ್ಣದ ಕಲೆ ಹತ್ತಿತ್ತು. ಯಾವುದೋ ಕಚೇರಿಯ ಶಾಯಿ ಇರಬೇಕು ಎಂದು ಅವಳು ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದಳು.

"ಮಾತ್ರೆ ಕೆಲಸ ಮಾಡದಿದ್ರೆ ಬೇರೆ ಏನಿದೆ ನಿಮ್ಮ ಹತ್ರ?" ಎಂದು ಕೇಳಿದಳು.

"ಒಂದು ಹಳೇ ಮದ್ದಿದೆ. ನರಕ್ಕೆ ಹನಿಹನಿಯಾಗಿ ಬಿಡೋದು. ಬೂಷ್ಟನ್ನ ಕೊಲ್ಲುತ್ತೆ, ಜೊತೆಗೆ ಕಿಡ್ನಿಗೂ ಕೈ ಹಾಕುತ್ತೆ. ಇನ್ನೊಂದು ಸಾಧು ಮದ್ದಿದೆ. ಕಿಡ್ನಿಗೇನೂ ಮಾಡಲ್ಲ, ಬೂಷ್ಟಿಗೂ ಹೆಚ್ಚೇನೂ ಮಾಡಲ್ಲ."

"ಹಳೇದನ್ನ ಯಾಕೆ ಕೊಟ್ಟಿಲ್ಲ?"

"ಅವಳಿಗಿರೋದು ಒಂದೇ ಕಿಡ್ನಿ ಮೇಡಂ. ಅದೂ ನಾಲ್ಕು ವರ್ಷದ ಹಿಂದೆ ಇನ್ನೊಬ್ಬರು ಕೊಟ್ಟದ್ದು. ಲ್ಯಾಬು ಮಾತ್ರೆ ಸಾಕು ಅಂತ ಬರೆದುಕೊಟ್ಟಿರುವಾಗ ನಾನು ಮದ್ದು ಹಾಕಿ ಅದನ್ನ ಕಳೆದ್ರೆ? ಮೊದಲು ಅಕ್ಕನೇ ನನ್ನನ್ನ ಸೀಳಿಹಾಕ್ತಾರೆ."

"ಯಾವ ಅಕ್ಕ?"

ಡಾಕ್ಟರ್ ಅವಳನ್ನೇ ನೋಡಿದ. "ನಿಮಗೆ ಗೊತ್ತಿಲ್ವಾ? ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಎಲ್ಲರೂ ಅಕ್ಕ ಅಂತೀವಿ. ನಾಲ್ಕನೇ ಮಂಚದವಳು ಅವರ ಸ್ವಂತ ತಂಗಿ. ಕಿಡ್ನಿ ಕೊಟ್ಟಿದ್ದೂ ಅವರೇ."

ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಬದಲಾಯಿತು. ತಾನು ಹೇಳಿದ್ದು ತನಗೇ ಕೇಳಿಸಿದಂತಿತ್ತು.

"ಎಷ್ಟು ಸಮಯ ಇದೆ ಅವಳಿಗೆ?"

"ಬೂಷ್ಟು ದೊಡ್ಡ ರಕ್ತನಾಳದ ಪಕ್ಕಕ್ಕೆ ಬಂದಿದೆ. ಇವತ್ತು ಶುರು ಮಾಡಿದ್ರೆ ಆಯ್ತು. ನಾಳೆ ಅನ್ನೋ ಮಾತು ನಾನು ಆಡಲ್ಲ."

ಅವಳು ರಿಜಿಸ್ಟರನ್ನು ಮತ್ತೆ ತೆರೆದಳು. ಅಕ್ಕನ ದುಂಡಗಿನ ಅಕ್ಷರ. ಮೊದಲು ಸತ್ತ ವ್ಯಾನ್ ಚಾಲಕನ ಸಾಲಿನಲ್ಲಿ, ಷರಾ ಎಂಬ ಕಡೆಯ ಅಂಕಣದಲ್ಲಿ: 'ಹಸಿರು, ಪರೀಕ್ಷೆಗೆ ಕೊಟ್ಟಿದೆ. ಬಿಳಿ, ಗಾಳಿಯದು, ಬಿಸಾಡಿದೆ.' ಎರಡನೆಯದಾಗಿ ಸತ್ತ ಮುದುಕಿಯ ಸಾಲಿನಲ್ಲೂ ಅಕ್ಷರ ಬಿಡದೆ ಅದೇ ಮಾತು. ನಾಲ್ಕನೇ ಮಂಚದವಳ ಸಾಲಿನಲ್ಲಿ: 'ಹಸಿರು, ಪರೀಕ್ಷೆಗೆ ಕೊಟ್ಟಿದೆ.'

ಅಷ್ಟೇ. ಮುಂದೆ ಖಾಲಿ.

"ಗಾಳಿಯದು ಅಂದ್ರೇನು?"

"ತಟ್ಟೆ ಮುಚ್ಚಳ ತೆಗೆದಾಗ ಗಾಳಿಯಿಂದ ಬೀಳೋದು. ನಾವು ಹುಡುಕೋ ಬೂಷ್ಟು ಎರಡು ಮೂರು ದಿನಕ್ಕೆ ಹಸಿರು ತಿರುಗುತ್ತೆ. ತಿರುಗದೆ ಬಿಳಿಯಾಗೇ ಉಳಿದ್ರೆ ಅದು ದಾರಿ ತಪ್ಪಿ ಬಂದ ಅತಿಥಿ. ಬಿಸಾಡ್ತಾರೆ. ಎಲ್ಲ ಲ್ಯಾಬಲ್ಲೂ ಹಾಗೇ."

"ಮೂರು ಮನೆಗೆ ಒಬ್ಬನೇ ಅತಿಥಿ ಬಂದ್ರೆ ನಾನು ಅವನನ್ನ ನೆಂಟ ಅಂತೀನಿ ಡಾಕ್ಟ್ರೇ."

"ಮೂರನೇ ಮನೆಗೆ ಬಂದಿಲ್ವಲ್ಲ. ಬರೆದಿಲ್ಲ."

"ಅದೇ," ಎಂದಳು ಜರಡಿ. "ಬರೆದಿಲ್ಲ. ಬಂದಿಲ್ಲ ಅಂತ ಯಾರು ಹೇಳಿದ್ರು?"

*

ಲ್ಯಾಬಿನಲ್ಲಿ ಮಧ್ಯಾಹ್ನದ ಸದ್ದುಗಳಿದ್ದವು. ಪಕ್ಕದ ಕೋಣೆಯಲ್ಲಿ 'ಕುಕ್ಕರ್' ಬಿಸಿಯಾಗುತ್ತಿತ್ತು. ಬಿಸಾಡಬೇಕಾದ ತಟ್ಟೆಗಳನ್ನೆಲ್ಲ ಹಬೆಯಲ್ಲಿ ಬೇಯಿಸಿ ಬೂಷ್ಟನ್ನು ಕೊಲ್ಲುವ ಯಂತ್ರಕ್ಕೆ ಇಲ್ಲಿನವರು ಇಟ್ಟ ಹೆಸರು ಅದು. ಎರಡು ಗಂಟೆಗೆ ಅದರ ಬಾಗಿಲು ಬಿಗಿದರೆ ಒಳಗಿದ್ದದ್ದು ಏನೇ ಇರಲಿ, ಸಾಕ್ಷ್ಯವಾಗಿ ಉಳಿಯುವುದಿಲ್ಲ. ಗೋಡೆಯ ಗಡಿಯಾರದಲ್ಲಿ ಒಂದೂ ಮುಕ್ಕಾಲು.

ಅಕ್ಕ ಎತ್ತರದ ಸ್ಟೂಲಿನ ಮೇಲೆ ಕುಳಿತು ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದರು. ಐವತ್ತು ದಾಟಿದವರು. ಕನ್ನಡಕ ಹಣೆಯ ಮೇಲೆ. ಎಡಗೈ ಆಗಾಗ ತಾನಾಗಿ ಪಕ್ಕೆಗೆ ಹೋಗಿ, ಸೀರೆಯ ಮೇಲಿಂದಲೇ ಏನನ್ನೋ ಮುಟ್ಟಿ ನೋಡಿ ಬರುತ್ತಿತ್ತು.

"ಚೀಲ ಜಾಲಾಡಿ ಆಯ್ತಾ?" ಎಂದರು, ತಲೆಯೆತ್ತದೆ. "ಹೇಳಿದ್ರೆ ನಾನೇ ಎಣಿಸಿಕೊಡ್ತಿದ್ದೆ."

"ಒಂದು ಕಡಿಮೆ ಇದೆ ಅಕ್ಕ."

"ಎಣಿಸೋದ್ರಲ್ಲಿ ತಪ್ಪಿರಬೇಕು."

"ಯಾರು ಎಣಿಸಿದ್ದು? ನೀವಾ, ನಾನಾ?"

ಚೀಟಿ ಓರೆಯಾಗಿ ಅಂಟಿತು. ಅಕ್ಕ ಅದನ್ನು ಕಿತ್ತು ಮತ್ತೆ ನೆಟ್ಟಗೆ ಅಂಟಿಸಿದರು.

ಮೂಲೆಯಲ್ಲಿ ಎರಡು ಬಾಗಿಲ ಫ್ರಿಜ್ಜು. ಅದರ ಮೇಲೆ ಅದೇ ದುಂಡಗಿನ ಅಕ್ಷರದಲ್ಲಿ ಒಂದು ನೋಟೀಸು: 'ಇಲ್ಲಿ ಊಟ ತಿಂಡಿ ಇಡಬಾರದು. ಇಟ್ಟರೆ ಡಬ್ಬಿ ಸಮೇತ ಕುಕ್ಕರಿಗೆ.' ಒಮ್ಮೆ ನಿಜಕ್ಕೂ ಒಬ್ಬ ಟೆಕ್ನಿಷಿಯನ್ನನ ಡಬ್ಬಿ ಹೋಗಿತ್ತಂತೆ. ಅವನು ಇಂದಿಗೂ ಕ್ಯಾಂಟೀನಿನಲ್ಲೇ ಉಣ್ಣುತ್ತಾನೆ.

ಜರಡಿ ಬಾಗಿಲು ತೆಗೆದಳು.

"ತುಂಬ ಹೊತ್ತು ತೆಗೆದಿಡಬೇಡಿ. ತಂಪು ಹೋಗುತ್ತೆ." ಅಕ್ಕನ ದನಿ ಚೂರು ಏರಿತ್ತು.

ಕೆಳಗಿನ ಅರೆಯಲ್ಲಿ, ಬಾಟಲಿಗಳ ಸಾಲಿನ ಹಿಂದೆ, ಉಕ್ಕಿನ ಊಟದ ಡಬ್ಬಿ.

"ಇದು ಯಾರದು?"

"ನಂದೇ."

"ನೋಟೀಸು?"

"ಅದೂ ನಂದೇ. ವಯಸ್ಸಾಯ್ತಲ್ಲ, ಮರೆವು."

"ಎರಡಾಗ್ತಾ ಬಂತು. ಊಟ ಮಾಡಲ್ವಾ?"

"ಹಸಿವಿಲ್ಲ ಮೇಡಂ."

"ಹೊರಗೆ ಕಿಟಕಿ ಕಟ್ಟೆ ಮೇಲೆ ಇನ್ನೊಂದು ಡಬ್ಬಿ ನೋಡ್ದೆ. ಮುಚ್ಚಳದ ಮೇಲೆ 'ಅಕ್ಕ' ಅಂತ ಬರೆದಿದೆ. ಮುಟ್ಟಿದ್ರೆ ಇನ್ನೂ ಬೆಚ್ಚಗಿದೆ. ಹಸಿವಿಲ್ಲದವರಿಗೆ ಎರಡೆರಡು ಊಟನಾ?"

ಅಕ್ಕ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿದರು. ಅಳೆಯುವ ಕಣ್ಣು. ಇಪ್ಪತ್ತಾರು ವರ್ಷ ಸೂಕ್ಷ್ಮದರ್ಶಕಕ್ಕೆ ಬಗ್ಗಿದ ಕಣ್ಣು ಮೊದಲ ಸಲ ಇನ್ನೊಂದು ತುದಿಯಿಂದ ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂದು ಕಂಡುಕೊಂಡಿತ್ತು.

"ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ತೆಗೀರಿ," ಎಂದರು ಕೊನೆಗೆ. "ಹೊರಗೆ ತೆಗೆದ್ರೆ ಎಲ್ಲರ ಮೂಗಿಗೂ ಹೋಗುತ್ತೆ."

ಗಾಳಿಯನ್ನು ಒಳಗೇ ಹೀರಿಕೊಳ್ಳುವ ಗಾಜಿನ ಪೆಟ್ಟಿಗೆಯಲ್ಲಿ ಡಾಕ್ಟರ್ ಡಬ್ಬಿಯನ್ನು ಇಟ್ಟ. ಸುತ್ತ ಅಂಟುಪಟ್ಟಿ, ಎರಡು ಸುತ್ತು. ಬಿಚ್ಚಲು ಅವನ ಕೈಗವಸಿನ ಬೆರಳುಗಳು ಪರದಾಡಿದವು.

ಒಳಗೆ ಎರಡು ತಟ್ಟೆ. ಒಂದು ದುಂಡನೆಯದು, ನಾಲ್ಕನೇ ಮಂಚದ ಸಂಖ್ಯೆ ಬರೆದದ್ದು, ಕಾಣೆಯಾದ ಮೂವತ್ತೊಂದನೆಯದು. ತುಂಬ ಹಸಿರು ಬೂಷ್ಟು, ಒಂದು ಅಂಚಿನಲ್ಲಿ ಮಾತ್ರ ಹೆಬ್ಬೆರಳಗಲ ಬಿಳಿ. ಇನ್ನೊಂದು ಚೌಕ ತಟ್ಟೆ, ನಾಲ್ಕು ಕುಳಿಯದು.

"ಇದೇನು?"

ಡಾಕ್ಟರ್ ಅದನ್ನು ಬೆಳಕಿಗೆ ತಿರುಗಿಸಿದ. "ಮೂರು ಕುಳೀಲಿ ಮೂರು ಥರದ ಮಾತ್ರೆಯ ಔಷಧ ಬೆರೆಸಿರ್ತಾರೆ. ನಾಲ್ಕನೇದ್ರಲ್ಲಿ ಏನೂ ಇರಲ್ಲ. ಔಷಧ ಕೆಲಸ ಮಾಡಿದ್ರೆ ನಾಲ್ಕನೇದ್ರಲ್ಲಿ ಮಾತ್ರ ಬೂಷ್ಟು ಬೆಳೀಬೇಕು."

ನಾಲ್ಕರಲ್ಲೂ ಬೆಳೆದಿತ್ತು. ನಾಲ್ಕರಲ್ಲೂ ಬೆಳ್ಳಗೆ, ಹಿಂಜಿದ ಹತ್ತಿಯಂತೆ, ಅಂಚಿನವರೆಗೂ.



"ಯಾವತ್ತು ಗೊತ್ತಾಯ್ತು?" ಜರಡಿ ಕೇಳಿದಳು.

"ಶುಕ್ರವಾರ."

"ಇವತ್ತು ಮಂಗಳವಾರ ಅಕ್ಕ!" ಡಾಕ್ಟರ್ ಕೂಗಿದ. "ನಾಲ್ಕು ದಿನ! ನಾಲ್ಕು ದಿನ ನಿಮ್ಮ ತಂಗಿಗೆ ನಾನು ಸುಣ್ಣದ ಉಂಡೆ ನುಂಗಿಸ್ದಂಗಾಯ್ತಲ್ಲ! ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಸಿಕ್ಕಿ 'ಹೇಗಿದಾಳೆ' ಅಂತ ಕೇಳ್ತಿದ್ರಿ. ಯಾವ ಬಾಯಲ್ಲಿ ಕೇಳ್ತಿದ್ರಿ?"

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊದಲ ಇಬ್ಬರ ಬಿಳಿ?" ಎಂದಳು ಜರಡಿ. "ಅದೂ ಇದೇನಾ?"

"ಗೊತ್ತಿಲ್ಲ. ಬಿಸಾಡಿದ್ನಲ್ಲ." ಅಕ್ಕ ತಮ್ಮ ಅಂಗೈಗಳನ್ನು ನೋಡಿಕೊಂಡರು. "ಇಪ್ಪತ್ತಾರು ವರ್ಷ ಬಿಳಿ ಕಂಡ್ರೆ ಬಿಸಾಡಿದೀನಿ. ನನ್ನ ಕೈಲಿ ಕಲಿತವರೂ ಬಿಸಾಡ್ತಾರೆ. ಹಸಿರು ಎದ್ದು ಕಾಣುತ್ತೆ, ಅದನ್ನ ಚುಚ್ಚಿ ಪರೀಕ್ಷೆಗೆ ಕೊಡೋದು. ಒಂದೇ ಎದೇಲಿ ಎರಡು ಥರದ್ದು ಜೊತೆಗೇ ಬೆಳೆದಿರಬಹುದು, ಹಸಿರು ಸಾಯೋ ಮಾತ್ರೆಗೆ ಬಿಳಿ ಸಾಯದೇ ಇರಬಹುದು ಅಂತ ನನಗೆ ಹೊಳೀಲಿಲ್ಲ."

"ಮೂರನೇ ಸಲ ಹೊಳೀತು."

"ಹೊಳೀಲಿಲ್ಲ ಮೇಡಂ. ತಂಗೀದು ಅಂತ ಎರಡು ಸಲ ನೋಡ್ದೆ." ಅಕ್ಕನ ದನಿ ಒಡೆಯಲಿಲ್ಲ, ಬದಲಿಗೆ ಒಣಗಿತು. "ಆ ಇಬ್ಬರದನ್ನ ಒಂದೇ ಸಲ ನೋಡಿದ್ದೆ."



ಜರಡಿಯ ಕಣ್ಣು ಡಬ್ಬಿಯ ಮೇಲಿತ್ತು. ಎರಡು ಸುತ್ತು ಅಂಟುಪಟ್ಟಿ. ತಟ್ಟೆ ಅಲುಗಾಡದಂತೆ ಕೆಳಗೆ ಮಡಿಸಿಟ್ಟ ಹತ್ತಿ. ತಾರೀಖು, ವೇಳೆ, ಎಲ್ಲ ಬರೆದ ಚೀಟಿ. ಹತ್ತು ಹೆಜ್ಜೆ ದೂರದಲ್ಲಿ ದಿನಾ ಎರಡು ಗಂಟೆಗೆ ಉರಿಯುವ ಕುಕ್ಕರ್.

"ಮುಚ್ಚಿಹಾಕೋರು ಬೇಯಿಸ್ತಾರೆ," ಎಂದಳು. "ನೀವು ಜೋಪಾನ ಮಾಡಿದೀರಿ. ಒಂದು ದಿನ ಹೊರಗೆ ತೆಗೀಬೇಕು ಅಂತಲೇ ಇಟ್ಟಿದೀರಿ. ನಿಮ್ಮ ಬಾಯಿಗೆ ಅಂಟುಪಟ್ಟಿ ಹಾಕಿದ್ದು ಯಾರು?"

ಅಕ್ಕ ಒಮ್ಮೆ ಮೇಲೆ ನೋಡಿದರು. ಮೇಲೆ ಚಾವಣಿ ಇತ್ತು. ಚಾವಣಿಯ ಮೇಲೆ ಎರಡು ಅಂತಸ್ತು ದಾಟಿ ಎದೆರೋಗದ ವಾರ್ಡು.

"ಅವಳನ್ನೇ ಕೇಳಿ," ಎಂದರು. "ನಾನು ಆಣೆ ಇಟ್ಟಿದೀನಿ."

*

ಮೆಟ್ಟಿಲು ಹತ್ತುತ್ತಲೇ ಡಾಕ್ಟರ್ ಫೋನಿನಲ್ಲಿ ಮದ್ದು ಸಿದ್ಧಮಾಡಲು ಹೇಳಿದ. ಎರಡನೆಯ ತಿರುವಿನಲ್ಲಿ ನಿಂತುಬಿಟ್ಟ.

"ಒಂದು ಲೆಕ್ಕ ಕೂಡ್ತಿಲ್ಲ ಮೇಡಂ. ಆ ಕಫ ತೆಗೆದಿದ್ದು ಮೊದಲ ಮಾತ್ರೆ ಕೊಡೋಕೆ ಮುಂಚೆ. ಅವಳು ಅಲ್ಲೀವರೆಗೆ ಆ ಮಾತ್ರೆ ಕಣ್ಣಲ್ಲಿ ಕಂಡಿರಲಿಲ್ಲ. ಮತ್ತೆ ಬೂಷ್ಟಿಗೆ ಆ ಮಾತ್ರೆಯನ್ನ ಎದುರಿಸೋದು ಎಲ್ಲಿ ಅಭ್ಯಾಸ ಆಯ್ತು?"

"ನೀವೇ ಹೇಳಿ."

"ಮನುಷ್ಯನ ಒಳಗಲ್ಲ. ಹೊರಗೆ. ಗಿಡಗಳ ರೋಗಕ್ಕೆ ಹಾಕೋ ಔಷಧಿಗಳಲ್ಲಿ ಕೆಲವು ನಮ್ಮ ಮಾತ್ರೆಯ ದಾಯಾದಿಗಳು. ಒಂದೇ ಮನೆತನ, ಬೇರೆ ಬೇರೆ ಒಲೆ. ಬೂಷ್ಟು ವರ್ಷಗಟ್ಟಲೆ ದಾಯಾದಿ ಜೊತೆ ಬಡಿದಾಡಿ ಗಟ್ಟಿಯಾಗಿರುತ್ತೆ. ಆಮೇಲೆ ಎದೆಗೆ ಹೊಕ್ಕಾಗ ನಮ್ಮ ಮಾತ್ರೆ ಅದಕ್ಕೆ ಲೆಕ್ಕಕ್ಕೇ ಇಲ್ಲ."

"ಎಲ್ಲರ ಎದೆಗೂ ಹೊಕ್ಕುತ್ತಾ?"

"ಹೊಕ್ಕುತ್ತೆ. ಗಟ್ಟಿ ಇರೋರು ಕೆಮ್ಮಿ ಉಗೀತಾರೆ. ವ್ಯಾನ್ ಚಾಲಕ ಉಬ್ಬಸಕ್ಕೆ ಸ್ಟೀರಾಯ್ಡ್ ನುಂಗ್ತಿದ್ದ, ಮುದುಕಿಯ ಎದೆ ಮೊದಲೇ ಜರಡಿ. ಕ್ಷಮಿಸಿ."

"ಪರವಾಗಿಲ್ಲ."

"ನಾಲ್ಕನೇ ಮಂಚದವಳಿಗೆ ಬೇರೆಯವರ ಕಿಡ್ನಿ ಒಗ್ಗಲಿ ಅಂತ ಮೈಯ ಶಕ್ತಿ ತಗ್ಗಿಸೋ ಔಷಧಿ."

ಜರಡಿ ಮೆಟ್ಟಿಲ ಮೇಲೇ ಕುಳಿತು ನರ್ಸ್‌ಗಳ ಹಾಳೆಗಳನ್ನು ತೊಡೆಯ ಮೇಲೆ ಹರಡಿದಳು. ಹನ್ನೆರಡು ಸಲ ಓದಿದ ಹಾಳೆಗಳು. ಕೆಲಸ ಎಂಬಲ್ಲಿ ಒಬ್ಬನಿಗೆ 'ಚಾಲಕ', ಒಬ್ಬಳಿಗೆ 'ಕೂಲಿ', ಒಬ್ಬಳಿಗೆ 'ಮೇಲ್ವಿಚಾರಕಿ'. ಎಲ್ಲಿ ಎಂದು ಯಾರೂ ಕೇಳಿರಲಿಲ್ಲ.

ಆದರೆ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಕ್ಲಿಪ್ಪಿನ ಸಾಲಿನಲ್ಲಿ, ಚಾಲಕನ ಹಾಳೆಯಲ್ಲಿ, ನರ್ಸ್ ಒಬ್ಬಳು ಬರೆದಿದ್ದಳು: 'ಉಗುರಿನ ಬಣ್ಣ ಸ್ಪಿರಿಟ್ಟಿಗೂ ಹೋಗುತ್ತಿಲ್ಲ. ಕಿವಿಗೆ ಹಾಕಿ ಅಳೆದಿದೆ.' ಐವತ್ತು ವರ್ಷದ ಗಂಡಸಿಗೆ ಉಗುರುಬಣ್ಣ! ಮುದುಕಿಯ ಹಾಳೆಯಲ್ಲೂ ಅದೇ, 'ಕಿವಿಗೆ ಹಾಕಿದೆ.'

ಅವಳು ಮೂರನೆಯ ಹಾಳೆಯನ್ನು ತಿರುಗಿಸಿದಳು.

ಕಿವಿಗೆ ಹಾಕಿದೆ.

*

"ಬನ್ನಿ ಜರಡಿ ಮೇಡಂ," ಎಂದಳು ನಾಲ್ಕನೇ ಮಂಚದವಳು. "ಡಬ್ಬಿ ಸಿಕ್ತಾ?"

ಮೂಗಿನಲ್ಲಿ ಆಮ್ಲಜನಕದ ನಳಿಕೆ, ಎರಡು ಮಾತಿಗೊಂದು ಕೆಮ್ಮು, ಆದರೂ ನಗು. ಅಕ್ಕನಿಗಿಂತ ಹದಿಮೂರು ವರ್ಷ ಚಿಕ್ಕವಳು. ಮಂಚದ ಪಕ್ಕದ ಕಪಾಟಿನ ಮೇಲೆ ಗಂಡ ಬೆಳಿಗ್ಗೆ ತಂದಿಟ್ಟ ಉಕ್ಕಿನ ಫ್ಲಾಸ್ಕು. ಅದಕ್ಕೊಂದು ಚೀಟಿ ಅಂಟಿಸಿತ್ತು, ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ, ಬಿಸಿ ಇರುವಾಗಲೇ ಕುಡಿ ಎಂದು.

"ನಿಮಗೆ ಹೇಗೆ ಗೊತ್ತಾಯ್ತು?"

"ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ. ಡಾಕ್ಟ್ರ ಮುಖ ನೋಡಿದ್ರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ." ಕೆಮ್ಮಿದಳು. "ಅಕ್ಕನ್ನ ಬೈಬೇಡಿ. ಡಬ್ಬಿ ನನ್ನ ಉಪಾಯ. ಅವಳಿಗೆ ಸುಳ್ಳು ಹೇಳೋಕೆ ಬರಲ್ಲ. ಚಿಕ್ಕಂದಿನಿಂದ ಅವಳ ಪಾಲಿನ ಸುಳ್ಳೂ ನಾನೇ ಹೇಳಿದೀನಿ."

"ಯಾಕೆ?"

"ಅವಳ ಹತ್ರ ಎರಡಿತ್ತು, ಒಂದು ಕೊಟ್ಲು. ಅದನ್ನೂ ನಾನು ಕೆಡಿಸಿಕೊಂಡ್ರೆ ಇನ್ನೊಂದು ಎಲ್ಲಿಂದ ತರ್ತಾಳೆ? ಮತ್ತೆ ಆ ರಕ್ತ ತೊಳೆಯೋ ಯಂತ್ರದ ಪಕ್ಕ ವಾರಕ್ಕೆ ಮೂರು ದಿನ ಮಲಗೋದು. ಎರಡು ವರ್ಷ ಮಲಗಿದ್ದೆ. ಸಾಕು."

ಒಳ್ಳೆಯ ಉತ್ತರ. ತುಂಬ ಒಳ್ಳೆಯ ಉತ್ತರ. ನಾಲ್ಕು ದಿನ ಮಲಗಿ ಅಭ್ಯಾಸ ಮಾಡಿದ ಉತ್ತರ ಎಂದು ಜರಡಿಗೆ ಅನ್ನಿಸಿತು.

ಅವಳು ಸ್ಟೂಲು ಎಳೆದು ಕುಳಿತಳು.

"ಮುಂಚೆ ತೀರಿಕೊಂಡ ಇಬ್ಬರು ಗೊತ್ತಾ ನಿಮಗೆ?"

"ಇಲ್ಲಪ್ಪ. ನಾನು ಸೇರೋ ಹೊತ್ತಿಗೆ ಹೋಗಿದ್ರಂತೆ."

"ಪಾಪ, ಆ ಅಜ್ಜಿ ಕೊನೇ ದಿನ ಜ್ವರದಲ್ಲಿ ಎಣಿಸ್ತಾ ಇತ್ತಂತೆ. ಒಂದರಿಂದ ನಲವತ್ತು. ಮತ್ತೆ ಒಂದರಿಂದ ನಲವತ್ತು. ನರ್ಸ್‌ಗಳಿಗೆ ತಲೆಬುಡ ಅರ್ಥವಾಗಲಿಲ್ಲ."

ಮಲಗಿದ್ದವಳ ಕಣ್ಣು ಮುಚ್ಚಿಕೊಂಡಿತು. "ನಲವತ್ತಕ್ಕೆ ಬುಟ್ಟಿ ತುಂಬುತ್ತೆ," ಎಂದಳು, ಮೆಲ್ಲಗೆ.

"ಯಾವ ಬುಟ್ಟಿ?"

ಕಣ್ಣು ತೆರೆಯಿತು. ತಡವಾಗಿತ್ತು.

ಜರಡಿ ಅವಳ ಬಲಗೈಯನ್ನು ಎತ್ತಿಕೊಂಡಳು. ಉಗುರುಗಳ ಬುಡದಲ್ಲಿ ಗುಲಾಬಿ ಬಣ್ಣ. ಇಷ್ಟು ದಿನ ಅರ್ಧ ಅಳಿಸಿದ ಉಗುರುಬಣ್ಣ ಎಂದುಕೊಂಡಿದ್ದಳು. "ಮೂವರ ಉಗುರಿಗೂ ಇದೇ ಬಣ್ಣ. ಅಜ್ಜಿ ಏನು ಎಣಿಸ್ತಿದ್ದಳು?"

ಅವಳು ತನ್ನ ಉಗುರುಗಳನ್ನು ತಾನೇ ನೋಡಿಕೊಂಡಳು.

"ಗೆಡ್ಡೆ. ಹೂವಿನ ಗೆಡ್ಡೆ. ಊರಾಚೆ ಹೂ ಬೆಳೆಯೋ ಗಾಜಿನ ಮನೆ ಇದೆಯಲ್ಲ, ಅದರ ಹಿಂದಿನ ಶೆಡ್ಡು. ಗೆಡ್ಡೆ ಕೊಳೀಬಾರದು ಅಂತ ಔಷಧಿ ನೀರಲ್ಲಿ ಅದ್ದಿ ತೆಗೀತೀವಿ. ಅದ್ದಿದ್ದು ಗೊತ್ತಾಗಲಿ ಅಂತ ಔಷಧಿಗೆ ಗುಲಾಬಿ ಬಣ್ಣ ಹಾಕಿರ್ತಾರೆ. ಬೆರೆಸೋಳು ನಾನು. ಎಣಿಸೋಳು ಗೆಡ್ಡೆ ಅಜ್ಜಿ. ಸಾಗಿಸೋನು ವ್ಯಾನಣ್ಣ."

"ಉಳಿದ ನೀರು?"

"ಡ್ರಮ್ಮಿನ ಮೇಲೆ ಬರೆದಿರುತ್ತೆ, ಗುಂಡಿಗೆ ಹಾಕಿ ಮುಚ್ಚಿ ಅಂತ. ಗುಂಡಿ ದೂರ." ಕೆಮ್ಮು ಬಂದು ನಿಂತಿತು. "ಶೆಡ್ಡಿನ ಪಕ್ಕ ಗೆಡ್ಡೆ ಸಿಪ್ಪೆ, ಎಲೆ, ಕೊಳೆತದ್ದು ಎಲ್ಲ ಸೇರಿ ದೊಡ್ಡ ರಾಶಿ. ಸದಾ ಬೆಚ್ಚಗೆ, ಹಬೆಯಾಡ್ತಾ ಇರುತ್ತೆ. ಅದಕ್ಕೆ ಬೂಷ್ಟು ಹಿಡೀಬಾರದು, ನೊಣ ಕೂರಬಾರದು, ನನ್ನ ಜನಕ್ಕೆ ಕಾಯಿಲೆ ಬರಬಾರದು ಅಂತ, ಉಳಿದ ನೀರನ್ನ ಎರಡು ವರ್ಷ ದಿನಾ ಅದರ ಮೇಲೇ ಸುರಿಸಿದೀನಿ. ಬುದ್ಧಿವಂತೆ ಅಂತ ಎಲ್ಲ ಹೊಗಳಿದ್ರು. ಆ ರಾಶೀನೇ ಅಜ್ಜಿ ಜರಡಿ ಹಿಡಿದು ಕುಂಡಕ್ಕೆ ಗೊಬ್ಬರ ಮಾಡ್ತಿತ್ತು."

ಡಾಕ್ಟರ್ ಗೋಡೆಗೆ ಒರಗಿದ. "ಅಂದ್ರೆ ದಿನಾ ಒಂದೊಂದು ಬಿಂದಿಗೆ..."

"ಹೂಂ ಡಾಕ್ಟ್ರೇ. ಸಾಯದೇ ಇರೋದನ್ನ ದಿನಾ ಕಲಿಸಿದೀನಿ. ಅಕ್ಕ ಶುಕ್ರವಾರ ಆ ತಟ್ಟೆ ವಿಷಯ ಹೇಳಿದಾಗ ನನಗೆ ಪೂರ್ತಿ ಅರ್ಥ ಆಯ್ತು. ಅಕ್ಕನಿಗೆ ಕಿಡ್ನಿ ನೆಪ ಹೇಳ್ದೆ. ನಾಲ್ಕನೇ ಮಂಚದ ಬೂಷ್ಟಿಗೆ ಹೆಸರು ಬಂದ್ರೆ ಅದರ ಮನೆ ವಿಳಾಸವೂ ಬರುತ್ತೆ. ಶೆಡ್ಡು ಮುಚ್ಚುತ್ತೆ. ಇಪ್ಪತ್ತೆರಡು ಮನೆಯ ಒಲೆ ಅದು. ಅಲ್ಲದೆ..." ಮುಖ ತಿರುಗಿಸಿದಳು. "ವ್ಯಾನಣ್ಣನಿಗೆ ಸಿಗದ ಮದ್ದು, ಅಜ್ಜಿಗೆ ಸಿಗದ ಮದ್ದು, ಅವರನ್ನ ಕೊಂದೋಳಿಗೆ ಯಾಕೆ?"

"ಆ ಇಪ್ಪತ್ತೆರಡು ಜನ ಇವತ್ತೂ ಆ ರಾಶಿ ಪಕ್ಕದಲ್ಲೇ ಕೂತಿದಾರಲ್ಲ?" ಎಂದಳು ಜರಡಿ. "ಅವರಲ್ಲಿ ಯಾರಿಗೆ ಉಬ್ಬಸ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಕೆಮ್ತಿದಾರೆ, ನಿಮ್ಮನ್ನ ಬಿಟ್ರೆ ಯಾರಿಗೆ ಗೊತ್ತು? ಸತ್ತು ತೀರಿಸೋ ಸಾಲ ಅಲ್ಲ ಇದು. ಬದುಕಿ ಹೇಳಬೇಕಾದದ್ದು."

ತಿರುಗಿಸಿದ್ದ ಮುಖವನ್ನು ಅವಳು ಮತ್ತೆ ಈಚೆ ತಂದಳು. 

ನರ್ಸ್ ಬಂದು ಕಪ್ಪು ಹೊದಿಕೆಯ ಚೀಲವೊಂದನ್ನು ಕಂಬಕ್ಕೆ ನೇತುಹಾಕಿದಳು. ಹೊದಿಕೆಯ ಸಂದಿನಿಂದ ಹಳದಿ ಮದ್ದು ಕಾಣುತ್ತಿತ್ತು.

"ಅದೇ ಹಳೇ ಮದ್ದು, ಆದ್ರೆ ಕೊಬ್ಬಿನ ಹೊದಿಕೆಯೊಳಗೆ ಇಟ್ಟದ್ದು, ಕಿಡ್ನಿಗೆ ಅಷ್ಟು ಒರಟಲ್ಲ," ಎಂದ ಡಾಕ್ಟರ್. "ಮೊದಲು ಉಪ್ಪುನೀರು ಹರಿಸ್ತೀನಿ. ದಿನಾ ರಕ್ತ ನೋಡ್ತೀನಿ. ಕಿಡ್ನಿ ಮುನಿಸಿಕೊಂಡ ಸುಳಿವು ಸಿಕ್ಕಿದ್ರೂ ಕಡಿಮೆ ಮಾಡ್ತೀನಿ."

"ಗ್ಯಾರಂಟಿ?"

"ಗ್ಯಾರಂಟಿ ಕೊಡೋರು ಮಿಕ್ಸಿ ಮಾರ್ತಾರೆ. ನಾನು ಡಾಕ್ಟ್ರು."

ಅವಳಿಗೆ ನಗು ಬಂತು, ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವಷ್ಟರಲ್ಲಿ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಮೆಟ್ಟಿಲು ಹತ್ತಿದ ಏದುಸಿರು, ಒಂದು ಕೈ ಪಕ್ಕೆಯ ಮೇಲೆ.

"ಕೊಟ್ಟದ್ದನ್ನ ನಾನು ಯಾವತ್ತಾದ್ರೂ ವಾಪಸ್ ಕೇಳಿದೀನೇನೇ?" ಎಂದರು ಅಲ್ಲಿಂದಲೇ. "ಅದು ಹೋದ್ರೆ ಹೋಗ್ಲಿ. ಯಂತ್ರದ ಪಕ್ಕ ನಾನೂ ಕೂತ್ಕೋತೀನಿ. ನೀನಿರು ಸಾಕು."

ತಂಗಿ ಅಕ್ಕನನ್ನು ನೋಡಿದಳು. ನಿಧಾನವಾಗಿ ಎಡಗೈಯನ್ನು ಹೊದಿಕೆಯಿಂದ ಹೊರತೆಗೆದು ಡಾಕ್ಟರನ ಕಡೆ ಚಾಚಿದಳು.

"ಹೂಂ. ಹಾಕಿ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಮುಂದೆ ಎಷ್ಟೋ ದಿನ ತನಿಖಾಧಿಕಾರಿ ಇದನ್ನೇ ಯೋಚಿಸಲಿದ್ದಳು. ಡಾಕ್ಟರ್ ಮಣಿಕಟ್ಟಿನಲ್ಲಿ ನರ ಹುಡುಕುತ್ತಿದ್ದ. ಎಲ್ಲ ಮುಗಿದಿತ್ತು. ಆದರೆ ಅವಳ ಕಣ್ಣು ಗುಲಾಬಿ ಉಗುರುಗಳ ಮೇಲಿತ್ತು, ತಲೆಯಲ್ಲಿ ಗುಲಾಬಿ ಕಲೆಯ ಕಾಗದವಿತ್ತು.

ಅವಳು ಬಗಲಚೀಲಕ್ಕೆ ಕೈ ಹಾಕಿ ಸಹಿಯಿಲ್ಲದ ದೂರನ್ನು ತೆಗೆದಳು.

"ಒಂದೇ ಒಂದು ಕೇಳ್ತೀನಿ. ಮಾತ್ರೆ ಮಾಮನ್ನ ಜೈಲಿಗೆ ಕಳಿಸಿದ್ದು ಇದು. ನೀವೇ ಬರೆದದ್ದಾ?"

"ನಾನಾ? ಮಾತ್ರೆ ಮಾಮನ ಮೇಲೆ?" ಅವಳ ಬೆರಗು ಅಭ್ಯಾಸ ಮಾಡಿದ್ದಲ್ಲ. "ನಾಲ್ಕು ವರ್ಷದಿಂದ ನನ್ನ ಔಷಧಿ ಎಣಿಸಿ ಕೊಡ್ತಿರೋನು ಅವನು. ಯಾರಾದ್ರೂ... ಕೊಡಿ ಇಲ್ಲಿ."

ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು. ಓದಿದಳು. ಓದಿ ಮುಗಿದ ಮೇಲೂ ನೋಡುತ್ತಲೇ ಇದ್ದಳು. ಮಾತುಗಳನ್ನಲ್ಲ, ಅಕ್ಷರಗಳನ್ನು.

ಬೆರಗು ಅವಳ ಮುಖದಿಂದ ಇಳಿದುಹೋಯಿತು. ಕಾಗದವನ್ನು ಮಡಚಿ ಹಿಂದಕ್ಕೆ ಕೊಟ್ಟಳು. ಆಮೇಲೆ, ಅವಸರವಿಲ್ಲದೆ, ಬಲಗೈ ಚಾಚಿ ಕಪಾಟಿನ ಮೇಲಿದ್ದ ಫ್ಲಾಸ್ಕನ್ನು ತಿರುಗಿಸಿದಳು. ಗಂಡ ಬರೆದ ಚೀಟಿ ಗೋಡೆಯ ಕಡೆಗೆ ಹೋಯಿತು.

"ಆ ಫ್ಲಾಸ್ಕು ಕೊಡಿ," ಎಂದಳು ತನಿಖಾಧಿಕಾರಿ.

"ಕೊಡಲ್ಲ."

"ನಿಮ್ಮ ಯಜಮಾನ್ರೂ ಆ ಶೆಡ್ಡಲ್ಲೇ ಕೆಲಸ ಮಾಡೋದಾ?"



"ಮೇಡಂ, ಆಮೇಲೆ!" ಡಾಕ್ಟರ್ ಸೂಜಿ ಹಿಡಿದು ಬಾಗಿದ. "ಮೊದಲು ಇದು. ಕೈ ಸಡಿಲ ಬಿಡಿ."

ಅವಳು ಕೈಯನ್ನು ಎಳೆದುಕೊಂಡು ಹೊದಿಕೆಯೊಳಗೆ ಸೇರಿಸಿದಳು.

"ಈಗ ತಾನೇ ಹೂಂ ಅಂದ್ಯಲ್ಲೇ," ಎಂದರು ಅಕ್ಕ.

"ಅಂದಿದ್ದೆ. ಬದುಕಿದ್ರೆ ಇದನ್ನೂ ಹೇಳಬೇಕಾಗುತ್ತೆ."

ಅವಳು ಫ್ಲಾಸ್ಕನ್ನು ಎತ್ತಿ ಎದೆಗೆ ಒತ್ತಿಕೊಂಡಳು, ಚೀಟಿಯ ಮೇಲೆ ಅಂಗೈ ಮುಚ್ಚಿ. ಕಂಬದ ಮೇಲಿನ ಹಳದಿ ಚೀಲವನ್ನು ಒಮ್ಮೆ ನೋಡಿದಳು.

"ತೆಗೀರಿ ಅದನ್ನ," ಎಂದಳು. "ನನಗೆ ಬೇಡ."